ಬೈಕ್ ರೇಸ್ ಫೋಟೊ: ಲೆನ್ಸ್ ಆಮೇಲೆ, ಮೊದಲು ನಿಲ್ಲುವ ಜಾಗ

ನನ್ನ ಅಕ್ಕನ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಹತ್ತಿರ ಒಂದು ನಿಕಾನ್ ಡಿ5600 ಕ್ಯಾಮೆರಾ ಇದೆ, ಅದರ ಜೊತೆ ಬಂದ 18-55 ಲೆನ್ಸ್ ಇದೆ. (ಇಂಥ ಅಂಕೆಗಳು ಲೆನ್ಸಿನ ಮಿ.ಮೀ. ಅಳತೆ. ಅಂಕೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ.) ಹೋದ ತಿಂಗಳು ಫೋನ್ ಮಾಡಿದ. "ಮಾಮ, ಬೈಕ್ ರೇಸ್ ಫೋಟೊ ತೆಗೀಬೇಕು. 70-200 ತಗೊಳ್ಳಲಾ, 150-600 ತಗೊಳ್ಳಲಾ?" ಅಂದ. "ಎಲ್ಲಿ ನಿಂತ್ಕೊಂಡು ತೆಗೀತೀಯ?" ಅಂತ ನಾನು ಕೇಳಿದೆ. ಅದನ್ನು ಅವನು ಯೋಚಿಸಿರಲಿಲ್ಲ.

ಅಲ್ಲಿಂದ ಮಾತು ಒಂದು ಗಂಟೆ ನಡೆಯಿತು. ಇದೇ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡವರು ಇನ್ನೂ ಎಷ್ಟೋ ಜನ ಇರುತ್ತಾರೆ. ಅವರಿಗೂ ಉಪಯೋಗಕ್ಕೆ ಬರಲಿ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕಾರ್ ರೇಸಿನಲ್ಲಿ ಓಡಿಸುವವರು ಒಳಗೆ ಮುಚ್ಚಿಹೋಗಿರುತ್ತಾರೆ. ಬೈಕಿನಲ್ಲಿ ಸವಾರನ ಇಡೀ ಮೈ ಹೊರಗೆ ಕಾಣುತ್ತದೆ. ತಿರುವಿನಲ್ಲಿ ಮೊಣಕಾಲು ನೆಲ ಸವರುತ್ತದೆ. ಬೈಕು ಒಂದು ಕಡೆ ವಾಲಿದ್ದರೂ ತಲೆ ಮುಂದಿನ ದಾರಿಯ ಕಡೆ ಹೊರಳಿರುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ನೆಲ ಬಿಟ್ಟು ತೂಗಾಡುತ್ತದೆ. ನನಗೆ ಫೋಟೊದಲ್ಲಿ ಬೇಕಾದ್ದು ಇದು. ಹಾಗಾಗಿ ಎರಡು ಲೆನ್ಸ್ ಹೋಲಿಸುವಾಗಲೂ, ಎರಡು ಜಾಗ ಹೋಲಿಸುವಾಗಲೂ ನಾನು ನೋಡುವುದು ಒಂದೇ. ಸವಾರನ ಮೈ ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ?

ಯಾವ ಟ್ರ್ಯಾಕ್?

ಡಾಂಬರಿನ ಮೇಲೆ ನಡೆಯುವ ರೇಸ್ ನೋಡಬೇಕಾದರೆ ನಮ್ಮ ಕಡೆಯವರು ಹೆಚ್ಚಾಗಿ ಹೋಗುವ ಟ್ರ್ಯಾಕ್ ಎರಡು. ಎರಡೂ ತಮಿಳುನಾಡಿನಲ್ಲಿವೆ. ಒಂದು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದರೆ ಚೆನ್ನೈ ಮುಟ್ಟುವ ಮೊದಲೇ ಸಿಗುತ್ತದೆ. ಉದ್ದ 3.7 ಕಿ.ಮೀ. ಇನ್ನೊಂದು ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಅದರ ಉದ್ದ 2.1 ಕಿ.ಮೀ. ಅಷ್ಟೇ.

ಫೋಟೊ ತೆಗೆಯುವವರಿಗೆ ಈ ಉದ್ದದ ಲೆಕ್ಕ ತುಂಬಾ ಮುಖ್ಯ. ರಾಷ್ಟ್ರೀಯ ಮಟ್ಟದ ರೇಸ್‌ಗಳು ಸಾಮಾನ್ಯವಾಗಿ ಆರು, ಎಂಟು, ಹತ್ತು ಸುತ್ತಿನವು. ಒಂದು ಕಡೆ ನಿಂತರೆ ನಿಮ್ಮ ಮುಂದೆ ಒಬ್ಬ ಸವಾರ ಹಾಯುವುದು ಅಷ್ಟೇ ಸಲ. ನೀವು ಕಾಯುತ್ತಿರುವ ಆ ಕೋನ, ಆ ವಾಲು, ಅದಕ್ಕೆ ಸಿಗುವುದು ಆರೆಂಟು ಅವಕಾಶ. ಚಿಕ್ಕ ಟ್ರ್ಯಾಕಿನಲ್ಲಿ ಬೈಕುಗಳು ಬೇಗ ಬೇಗ ಸುತ್ತಿ ಬರುತ್ತವೆ. ತಿರುವು ಬಿಗಿ, ವೇಗ ಕಡಿಮೆ. ಮೊದಲ ಸಲ ಹೋಗುವವರಿಗೆ ನಾನು ಕೊಯಮತ್ತೂರನ್ನೇ ಹೇಳುತ್ತೇನೆ. ಮೈಸೂರಿನವರು ಚಾಮರಾಜನಗರ, ಸತ್ಯಮಂಗಲದ ಮೇಲೆ ಹೋಗುವುದಾದರೆ ದಿಂಬಂ ಘಾಟಿನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ ಅನ್ನೋದು ನೆನಪಿರಲಿ. ಹಿಂದಿನ ದಿನವೇ ಹಗಲಲ್ಲಿ ಹೊರಟುಬಿಡಿ.

ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನ ಕಥೆ ಬೇರೆ. 2023ರ ಸೆಪ್ಟೆಂಬರಿನಲ್ಲಿ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಮೋಟೋಜಿಪಿ ಬಂದಿದ್ದು ಅಲ್ಲಿಗೆ, ಇಟಲಿಯ ಮಾರ್ಕೊ ಬೆಜ್ಜೆಕಿ ಗೆದ್ದರು. ಅಲ್ಲಿ ಬೈಕು ಜಾರಿದರೆ ನಿಲ್ಲಲು ಅಂತ ಟ್ರ್ಯಾಕಿನ ಪಕ್ಕ ವಿಶಾಲ ಜಾಗ ಬಿಟ್ಟಿದ್ದಾರೆ. ಸವಾರನಿಗೆ ಅದು ಒಳ್ಳೆಯದೇ. ಆದರೆ ಪ್ರೇಕ್ಷಕರ ಸ್ಟ್ಯಾಂಡ್ ಅಷ್ಟು ದೂರಕ್ಕೆ ಹೋಗುತ್ತದೆ. ಅಲ್ಲಿ 300 ಮಿ.ಮೀ. ಲೆನ್ಸ್ ಹಿಡಿದರೆ ಬೈಕು ಇರುವೆ ಥರ ಕಾಣುತ್ತದೆ.

ಮಣ್ಣಿನ ಟ್ರ್ಯಾಕಿನ ಮೋಟೋಕ್ರಾಸ್ ಅಂತ ಇನ್ನೊಂದು ದಾರಿ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್ ಇಬ್ಬರೂ ಮರಳುಗಾಡು ದಾಟುವ ಡಾಕಾರ್ ರ್ಯಾಲಿಗೆ ಹೋಗುವ ಮೊದಲು ಪಳಗಿದ್ದು ಇಂಥ ಮಣ್ಣಿನಲ್ಲೇ. ಸಂತೋಷ್ 2015ರಲ್ಲಿ ಡಾಕಾರ್ ಪೂರ್ತಿ ಮಾಡಿದ ಮೊದಲ ಭಾರತೀಯರಾದರು. ಮೋಟೋಕ್ರಾಸ್‌ನಲ್ಲಿ ಬೈಕು ಗಾಳಿಗೆ ಹಾರುತ್ತದೆ, ಬೇಲಿಯಿಂದ ದೂರ ಕಡಿಮೆ, ವೇಗವೂ ಕಡಿಮೆ. ಚಿಕ್ಕ ಲೆನ್ಸಿನಲ್ಲೇ ಒಳ್ಳೆ ಫೋಟೊ ಸಿಗುತ್ತದೆ. ಕಷ್ಟ ಏನಿದ್ದರೂ ಧೂಳಿನದು. ಅಲ್ಲಿ ಲೆನ್ಸ್ ಬಿಚ್ಚಿ ಬದಲಾಯಿಸಲೇಬೇಡಿ. ಇಡೀ ದಿನಕ್ಕೆ ಒಂದೇ ಲೆನ್ಸ್ ಹಾಕಿಕೊಂಡು ಹೋಗಿ.

ದೂರ ಅಳೆಯಿರಿ, ಆಮೇಲೆ ಲೆನ್ಸ್

ಒಂದು ಸುಲಭದ ಲೆಕ್ಕ ಇದೆ. ಡಿ5600ರಂಥ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರಿನ ಅಗಲ 23.5 ಮಿ.ಮೀ. ಅದನ್ನು ಬೈಕಿನವರೆಗಿನ ದೂರದಿಂದ ಗುಣಿಸಿ. ಬಂದದ್ದನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿ. ಫ್ರೇಮಿನಲ್ಲಿ ಎಷ್ಟು ಮೀಟರ್ ಅಗಲ ಹಿಡಿಯುತ್ತದೆ ಅನ್ನೋದು ಸಿಗುತ್ತದೆ. ಬೈಕಿನ ಉದ್ದ ಸುಮಾರು 2 ಮೀಟರ್ ಅಂತ ಇಟ್ಟುಕೊಳ್ಳಿ.

ಬೈಕು 50 ಮೀಟರ್ ದೂರದಲ್ಲಿದ್ದು ಲೆನ್ಸ್ 300 ಆದರೆ ಫ್ರೇಮಿಗೆ ಸುಮಾರು 3.9 ಮೀಟರ್ ಬರುತ್ತದೆ. ಅಂದರೆ ಬೈಕು ಅರ್ಧ ಫ್ರೇಮ್ ತುಂಬುತ್ತದೆ. ಅಷ್ಟು ಸಾಕು. ಅದೇ ಜಾಗದಲ್ಲಿ 200 ಹಾಕಿದರೆ 5.9 ಮೀಟರ್. ಮೂರರಲ್ಲಿ ಒಂದು ಪಾಲು ಬೈಕು, ಉಳಿದದ್ದು ಟ್ರ್ಯಾಕು. 24 ಮೆಗಾಪಿಕ್ಸೆಲ್ ಇದ್ದರೆ ಕತ್ತರಿಸಿಕೊಳ್ಳಬಹುದು. ದೂರ 100 ಮೀಟರ್ ಆದಾಗ 300ರಲ್ಲಿ 7.8 ಮೀಟರ್ ಹಿಡಿಯುತ್ತದೆ, ಬೈಕು ಕಾಲು ಭಾಗಕ್ಕೆ ಇಳಿಯುತ್ತದೆ. ಅರ್ಧ ಫ್ರೇಮ್ ಬೇಕು ಅಂದರೆ ಅಲ್ಲಿಗೆ 600 ಬೇಕೇ ಬೇಕು. ಇನ್ನೂ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಇರುವವರು 23.5ರ ಜಾಗದಲ್ಲಿ 36 ಹಾಕಿ ಲೆಕ್ಕ ಮಾಡಿ.

ದೂರ ಗೊತ್ತಾಗುವುದು ಹೇಗೆ? ಗೂಗಲ್ ಮ್ಯಾಪಿನಲ್ಲಿ ಟ್ರ್ಯಾಕಿನ ಉಪಗ್ರಹ ಚಿತ್ರ ತೆರೆಯಿರಿ. ದೂರ ಅಳೆಯುವ ಸೌಲಭ್ಯ ಅದರಲ್ಲೇ ಇದೆ. ನಿಮ್ಮನ್ನು ನಿಲ್ಲಲು ಬಿಡುವ ಜಾಗದಿಂದ ತಿರುವಿನ ಒಳ ಅಂಚಿನವರೆಗೆ ಒಂದು ಗೆರೆ ಎಳೆಯಿರಿ. ಮನೆಯಲ್ಲೇ ಕೂತು ಐದು ನಿಮಿಷದ ಕೆಲಸ. ಸಾವಿರಾರು ರೂಪಾಯಿ ಉಳಿಸುತ್ತದೆ.

ಮೂರು ಲೆನ್ಸ್, ಮೂರು ಥರದ ದಿನ

ಅಕ್ಕನ ಮಗ ಎರಡೇ ಹೆಸರು ಹೇಳಿದ. ನಾನು ಮೂರನೆಯದನ್ನೂ ಸೇರಿಸಿದೆ: 70-300.

ಇದನ್ನು ಜನ ಕಡೆಗಣಿಸುತ್ತಾರೆ. ಎಫ್4.5ರಿಂದ 6.3, ಬೆಳಕು ಸಾಲದು ಅನ್ನುತ್ತಾರೆ. (ಎಫ್ ಅಂದರೆ ಲೆನ್ಸಿನ ಕಿಂಡಿಯ, ಅಂದರೆ ಅಪರ್ಚರಿನ ಅಳತೆ. ಅಂಕೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು.) ಆದರೆ ನಮ್ಮ ಬಿಸಿಲನ್ನು ನೋಡಿ. ನೆತ್ತಿ ಮೇಲೆ ಸೂರ್ಯ ಇದ್ದಾಗ ಐಎಸ್‌ಒ 400 (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ), ಎಫ್6.3 ಇಟ್ಟರೆ ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ 1/2500ರ ಹತ್ತಿರ ಸಿಗುತ್ತದೆ. ಮೋಡ ಕವಿದು ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದರೂ ಐಎಸ್‌ಒ 800 ಮಾಡಿದರೆ 1/1250 ಸಿಗುತ್ತದೆ. ಹಗಲು ರೇಸಿಗೆ ಇಷ್ಟಕ್ಕಿಂತ ಏನು ಬೇಕು? ನಿಕಾನಿನ ಎಎಫ್-ಪಿ ಡಿಎಕ್ಸ್ 70-300 ಅರ್ಧ ಕಿಲೋ ಕೂಡ ತೂಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಹಿಡಿದರೂ ಕೈ ಸೋಲುವುದಿಲ್ಲ. ಕೊಳ್ಳುವಾಗ ಒಂದು ಎಚ್ಚರಿಕೆ: ಇದರಲ್ಲಿ ವಿಆರ್ (ಕೈ ನಡುಕ ತಗ್ಗಿಸುವ ವ್ಯವಸ್ಥೆ) ಇರುವುದು, ಇಲ್ಲದ್ದು ಅಂತ ಎರಡು ಬಗೆ ಬಂದಿವೆ. ಹೆಸರಿನಲ್ಲಿ ವಿಆರ್ ಇರುವುದನ್ನೇ ತಗೊಳ್ಳಿ.

70-200 ಎಫ್2.8 ತೂಕ ಒಂದೂವರೆ ಕಿಲೋ ಹತ್ತಿರ, ಬೆಲೆ ಹಲವು ಪಟ್ಟು ಜಾಸ್ತಿ. ಅದಕ್ಕೆ ಎರಡು ಜಾಗದಲ್ಲಿ ಸಾಟಿ ಇಲ್ಲ. ಮೊದಲನೆಯದು ತಂತಿ ಬೇಲಿ. ಪ್ರೇಕ್ಷಕರ ಮತ್ತು ಟ್ರ್ಯಾಕಿನ ನಡುವೆ ಬಲೆಯಂಥ ಬೇಲಿ ಇದ್ದೇ ಇರುತ್ತದೆ. ಲೆನ್ಸಿನ ಮುಂಭಾಗವನ್ನು ತಂತಿಗೆ ತಾಗುವಷ್ಟು ಹತ್ತಿರ ಹಿಡಿದು ಅಪರ್ಚರ್ ಪೂರ್ತಿ ತೆರೆದರೆ ತಂತಿ ಕರಗಿ ಮಾಯವಾಗುತ್ತದೆ. ಎಫ್2.8ರಲ್ಲಿ ಇದು ಸುಲಭ. ಎಫ್6.3ರಲ್ಲಿ ತಂತಿಯ ನೆರಳು ಮಸುಕು ಪಟ್ಟಿಯಾಗಿ ಉಳಿದುಬಿಡಬಹುದು. ಯಾವ ಲೆನ್ಸ್ ಆದರೂ ಬಿಸಿಲು ಬೀಳದ, ನೆರಳಿನಲ್ಲಿರುವ ಬೇಲಿಯ ತುಂಡು ಹುಡುಕಿಕೊಳ್ಳಿ. ಹೊಳೆಯುವ ತಂತಿ ಇಡೀ ಫೋಟೊವನ್ನು ಬೆಳ್ಳಗೆ ಮಾಡುತ್ತದೆ. ಎರಡನೆಯದು ಬೈಕು ಸಿದ್ಧಮಾಡುವ ಪಿಟ್ ಗ್ಯಾರೇಜಿನ ಒಳಗಿನ ಮಂದ ಬೆಳಕು. ಬೈಕು ತೀರಾ ಚಿಕ್ಕದಾಗಿ ಕಂಡರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಬಹುದು. ಆಗ ಅದು 280 ಮಿ.ಮೀ., ಎಫ್4 ಲೆನ್ಸ್ ಆಗುತ್ತದೆ.

ಇನ್ನು 150-600. ಎಲ್ಲರ ಕಣ್ಣು ಇದರ ಮೇಲೆ. ಸಿಗ್ಮಾದ ಕಂಟೆಂಪರರಿ 1.9 ಕಿಲೋ ಇದೆ, ಸೋನಿಯ 200-600 ಎರಡು ಕಿಲೋ ದಾಟುತ್ತದೆ. ಬುದ್ಧ್‌ನಂಥ ಟ್ರ್ಯಾಕಿಗೆ, ದೂರದ ಸ್ಟ್ಯಾಂಡಿಗೆ ಇದೇ ಸರಿ. ಎದುರಿಗೆ ನುಗ್ಗಿ ಬರುವ ಬೈಕುಗಳ ಗುಂಪನ್ನು ಒತ್ತೊತ್ತಾಗಿ ಹಿಡಿಯಲು ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ಇದರ ದೊಡ್ಡ ಶತ್ರು ಬಿಸಿಗಾಳಿ. ಒಂದು ಸಲ ಶ್ರೀಪೆರಂಬದೂರಿಗೆ ಹೋಗುವಾಗ ಈ ಲೆನ್ಸನ್ನು ಎರಡು ದಿನಕ್ಕೆ ಬಾಡಿಗೆಗೆ ತಗೊಂಡಿದ್ದೆ. ಬೆಳಿಗ್ಗೆ ಎಂಟೂವರೆಗೆ ತೆಗೆದ ಫೋಟೊಗಳಲ್ಲಿ ಹೆಲ್ಮೆಟ್ಟಿನ ಮೇಲಿನ ಗೀರು ಕೂಡ ಕಾಣುತ್ತಿತ್ತು. ಹನ್ನೊಂದರ ಮೇಲೆ ತೆಗೆದವು ಒಂದೂ ಚೂಪಾಗಿ ಬರಲಿಲ್ಲ. ಫೋಕಸ್ ಕೆಟ್ಟಿದೆ ಅಂದುಕೊಂಡೆ, ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಎರಡೂ ಅಲ್ಲ. ಕಾದ ಡಾಂಬರಿನಿಂದ ಏಳುವ ಗಾಳಿ ನೀರಿನ ಥರ ಅಲುಗಾಡುತ್ತಿತ್ತು. 100, 120 ಮೀಟರ್ ಅಂಥ ಗಾಳಿಯ ಮೂಲಕ ನೋಡಿದರೆ ಎಷ್ಟೇ ಬೆಲೆಯ ಲೆನ್ಸ್ ಆದರೂ ಚಿತ್ರ ಕದಡಿಹೋಗುತ್ತದೆ. ಕಂಪ್ಯೂಟರಿನಲ್ಲಿ ಸರಿಮಾಡಲೂ ಆಗದು. ಇದಕ್ಕೆ ಇರುವ ಮದ್ದು ಹತ್ತಿರ ಹೋಗುವುದೊಂದೇ. ಹತ್ತಿರ ಹೋದ ಮೇಲೆ 600 ಯಾಕೆ ಬೇಕು, ಅಲ್ವಾ?

ಆ ದಿನದಿಂದ ನನ್ನ ಅಭ್ಯಾಸ ಬದಲಾಯಿತು. ದೂರದ ಲೆನ್ಸಿನ ಕೆಲಸವನ್ನೆಲ್ಲ ಬೆಳಗಿನ ಪ್ರಾಕ್ಟೀಸ್ ಮತ್ತು ಕ್ವಾಲಿಫೈಯಿಂಗ್ (ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ) ಹೊತ್ತಿಗೇ ಮುಗಿಸುತ್ತೇನೆ. ಮಧ್ಯಾಹ್ನ 40, 50 ಮೀಟರ್ ಒಳಗಿನ ತಿರುವು ಹುಡುಕಿಕೊಂಡು ಚಿಕ್ಕ ಲೆನ್ಸ್ ಹಿಡಿಯುತ್ತೇನೆ.

ಹುಡುಗನಿಗೆ ನಾನು ಹೇಳಿದ್ದು ಹೀಗೆ: 70-300 ವಿಆರ್ ಕೊಂಡುಕೋ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. 150-600 ಬೇಕೇ ಬೇಕು ಅನಿಸಿದ ವಾರ ಬೆಂಗಳೂರಿನಲ್ಲಿ ಬಾಡಿಗೆಗೆ ತಗೋ. ವರ್ಷಕ್ಕೆ ಎರಡು ಮೂರು ರೇಸಿಗೆ ಹೋಗುವವರು ಅದನ್ನು ಕೊಳ್ಳುವುದರಲ್ಲಿ ಅರ್ಥ ಇಲ್ಲ. ಹಕ್ಕಿ ಫೋಟೊ ಹುಚ್ಚೂ ಇದ್ದರೆ ಮಾತು ಬೇರೆ.

ನಿಲ್ಲಿಸಿ ಹಿಡಿಯೋದಾ, ಓಡಿಸಿ ಹಿಡಿಯೋದಾ?

ನನ್ನ ಪ್ರಕಾರ ನಿಜವಾದ ಆಯ್ಕೆ ಇರುವುದು ಇಲ್ಲಿ. ಶಟರ್ ಸ್ಪೀಡಿಗೆ ಕಾಸು ಖರ್ಚಿಲ್ಲ, ಆದರೆ ಫೋಟೊದ ಹಣೆಬರಹ ಬರೆಯುವುದು ಅದೇ.

ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಟೈರ್ ಸೇರಿ 17 ಇಂಚಿನ ಚಕ್ರದ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಹಾಗಾಗಿ ಚಕ್ರ ಸೆಕೆಂಡಿಗೆ 14 ಸುತ್ತಿನ ಮೇಲೆ ತಿರುಗುತ್ತದೆ. ಶಟರ್ 1/1000 ಇಟ್ಟರೆ ಅಷ್ಟು ಹೊತ್ತಿನಲ್ಲಿ ಚಕ್ರ ತಿರುಗುವುದು 5 ಡಿಗ್ರಿ ಮಾತ್ರ. ಫೋಟೊದಲ್ಲಿ ಅದು ನಿಂತೇ ಇರುತ್ತದೆ. ಪಕ್ಕದಿಂದ ತೆಗೆದರೆ ನೆಟ್ಟಗೆ ನಿಲ್ಲಿಸಿಟ್ಟ ಬೈಕಿನ ಮೇಲೆ ಯಾರೋ ಸುಮ್ನೆ ಬಗ್ಗಿ ಕೂತ ಹಾಗೆ ಕಾಣುತ್ತದೆ. 1/125ಕ್ಕೆ ಇಳಿಸಿದರೆ ಸುಮಾರು 40 ಡಿಗ್ರಿ ತಿರುಗುತ್ತದೆ, ಚಕ್ರದ ಕಡ್ಡಿಗಳು ಕಲಸಿ ಹೋಗುತ್ತವೆ. 1/60ರಲ್ಲಿ ಹತ್ತಿರ ಹತ್ತಿರ ಕಾಲು ಸುತ್ತು. ಹಿಂದಿನ ಗಿಡ, ಗೋಡೆ, ಬ್ಯಾನರ್ ಎಲ್ಲ ಗೆರೆಗೆರೆಯಾಗಿ ಹರಿಯುತ್ತವೆ.

ಆದರೆ ಎದುರಿನಿಂದ ತೆಗೆಯುವಾಗ ಚಕ್ರದ ಕಡ್ಡಿ ಕಾಣುವುದೇ ಇಲ್ಲ. ಅಲ್ಲಿ ವೇಗ ಗೊತ್ತಾಗುವುದು ಬೈಕಿನ ವಾಲಿನಿಂದ, ನೆಲಕ್ಕೆ ಸವರಿದ ಮೊಣಕಾಲಿನಿಂದ, ಹಿಂದೆ ಅಂಟಿಕೊಂಡು ಬರುವ ಇನ್ನೊಬ್ಬನಿಂದ. ಆದ್ದರಿಂದ ನನ್ನ ಲೆಕ್ಕ ಸರಳ. ಎದುರಿಗೆ ಬರುತ್ತಿದ್ದರೆ 1/1000 ಅಥವಾ ಇನ್ನೂ ಮೇಲೆ. ಪಕ್ಕದಲ್ಲಿ ಹಾಯುತ್ತಿದ್ದರೆ 1/250 ಅಥವಾ ಅದಕ್ಕಿಂತ ಕೆಳಗೆ, ಜೊತೆಗೆ ಕ್ಯಾಮೆರಾವನ್ನು ಬೈಕಿನ ಜೊತೆಗೇ ತಿರುಗಿಸಬೇಕು. ಇದನ್ನೇ ಪ್ಯಾನಿಂಗ್ ಅನ್ನುವುದು.

ಕಂಬಳದ ಫೋಟೊ ತೆಗೆದು ಕೈ ಪಳಗಿದ ಕರಾವಳಿಯವರಿಗೆ ಇದು ಹೊಸದಲ್ಲ. ಕರೆಯ (ಕೋಣಗಳು ಓಡುವ ಕೆಸರಿನ ಹಾದಿಯ) ಕೊನೆಯಲ್ಲಿ ನಿಂತು ಎದುರು ಬರುವ ಕೋಣಗಳನ್ನು, ಚಿಮ್ಮುವ ನೀರಿನ ಒಂದೊಂದು ಹನಿಯನ್ನು ನಿಲ್ಲಿಸಿ ಹಿಡಿಯುತ್ತಾರೆ. ಪಕ್ಕದಲ್ಲಿ ನಿಂತಾಗ ಓಟಗಾರನ ಜೊತೆ ತಾವೂ ಸೊಂಟ ತಿರುಗಿಸುತ್ತಾರೆ. ಬೈಕ್ ರೇಸಿಗೂ ಅದೇ ಕಣ್ಣು, ಅದೇ ಸೊಂಟ.

ಪ್ಯಾನಿಂಗ್‌ನಲ್ಲಿ ಫೋಟೊ ಹಾಳಾಗುವುದು ಜಾಸ್ತಿ. 1/250ರಲ್ಲಿ ನನಗೆ ಅರ್ಧಕ್ಕಿಂತ ಹೆಚ್ಚು ಸರಿಬರುತ್ತವೆ. 1/60ರಲ್ಲಿ ಹತ್ತಕ್ಕೆ ಒಂದು ಬಂದರೆ ಖುಷಿಪಡುತ್ತೇನೆ. ಆ ಒಂದರಲ್ಲಿ ಹೆಲ್ಮೆಟ್ ಮಾತ್ರ ಚೂಪಾಗಿದ್ದು ಜಗತ್ತೆಲ್ಲ ಹರಿದು ಹೋಗುತ್ತಿರುತ್ತದೆ. ಹಾಗಂತ ಬೆಳಿಗ್ಗೆಯೇ 1/60ಕ್ಕೆ ಇಳಿಯಬೇಡಿ. 1/250ರಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಇಳಿಯಿರಿ. ಕಾಲು ನೆಟ್ಟಗೆ ಊರಿ, ಬೈಕು ನಿಮ್ಮ ಮುಂದೆ ಬರುವ ಜಾಗಕ್ಕೆ ಎದೆ ಮಾಡಿ ನಿಲ್ಲಿ. ಬೈಕು ಬರುವ ದಿಕ್ಕಿಗೆ ಸೊಂಟ ತಿರುಗಿಸಿ ಕಾಯಿರಿ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ತಿರುವಿನ ಒಳಬದಿಯಲ್ಲಿ ಜಾಗ ಸಿಕ್ಕಿದರೆ ಬಿಡಬೇಡಿ. ಅಲ್ಲಿ ಬೈಕು ನಿಮ್ಮ ಸುತ್ತಲೇ ಸುತ್ತುವುದರಿಂದ ದೂರ ಹೆಚ್ಚು ಬದಲಾಗುವುದಿಲ್ಲ, ಫೋಕಸ್ ತಪ್ಪುವುದು ಕಡಿಮೆ.

ಇಲ್ಲಿ ಬಿಸಿಲು ಇನ್ನೊಂದು ತೊಂದರೆ ಕೊಡುತ್ತದೆ. ಮಟಮಟ ಮಧ್ಯಾಹ್ನ ಐಎಸ್‌ಒ 100ರಲ್ಲೂ 1/60 ಬೇಕೆಂದರೆ ಅಪರ್ಚರ್ ಎಫ್20ರ ತನಕ ಮುಚ್ಚಬೇಕು. ಆಗ ಸೆನ್ಸರಿನ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುವುದು ಒಳ್ಳೆಯದು. ಸಣ್ಣ ಲೆನ್ಸಿಗೆ ಇಲ್ಲೂ ಲಾಭ ಇದೆ. 70-300ಗಳಿಗೆ 58 ಅಥವಾ 67 ಮಿ.ಮೀ. ಫಿಲ್ಟರ್ ಸಾಕಾಗುತ್ತದೆ. ಸಿಗ್ಮಾ 150-600ಕ್ಕೆ 95 ಮಿ.ಮೀ. ಬೇಕು. ಅದರ ಬೆಲೆ ಕೇಳಿದರೆ ಕೈ ಹಿಂದಕ್ಕೆ ಬರುತ್ತದೆ.

ಅಭ್ಯಾಸಕ್ಕೆ ರೇಸೇ ಬೇಕಾಗಿಲ್ಲ. ನಿಮ್ಮೂರಿನ ಅಗಲ ರಸ್ತೆಯ ಫುಟ್‌ಪಾತಿನಲ್ಲಿ ಹಿಂದೆ ಸರಿದು ನಿಂತು, ಹೋಗುವ ಬೈಕುಗಳ ಮೇಲೆ ಕೈ ಪಳಗಿಸಿ. 50 ಕಿ.ಮೀ. ವೇಗದ ಬೈಕನ್ನು 1/60ರಲ್ಲಿ ಹಿಡಿಯುವುದೂ 100ರ ಬೈಕನ್ನು 1/125ರಲ್ಲಿ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ.

ರೇಸ್ ದಿನ ನಾನು ಮಾಡುವುದು ಹೀಗೆ. ಮೊದಲ ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ಇರುತ್ತಾರೆ, ಅದು ಮತ್ತೆ ಸಿಗುವುದಿಲ್ಲ. ಅದಕ್ಕೆ ಎದುರಿನಿಂದ 1/1000. ಬೈಕುಗಳು ಚದುರಿದ ಮೇಲೆ ಪ್ಯಾನಿಂಗ್. ಕೊನೆಯ ಎರಡು ಸುತ್ತು ಮತ್ತೆ 1/1000, ಯಾಕೆಂದರೆ ಜಾಗಕ್ಕಾಗಿ ಗುದ್ದಾಟ ನಡೆಯುವುದು ಆಗಲೇ.

ಕ್ಯಾಮೆರಾ ಬದಲಾಯಿಸಬೇಕಾ?

ಸದ್ಯಕ್ಕೆ ಬೇಡ. ಡಿ5600 ಸೆಕೆಂಡಿಗೆ 5 ಫೋಟೊ ತೆಗೆಯುತ್ತದೆ. 100 ಕಿ.ಮೀ. ವೇಗದಲ್ಲಿ ಎದುರು ಬರುವ ಬೈಕು ಪ್ರತಿ ಫೋಟೊಗೂ ಐದೂವರೆ ಮೀಟರ್ ಮುಂದೆ ಬಂದಿರುತ್ತದೆ. ನಿಕಾನ್ ಡಿ500 ಅಥವಾ ಕ್ಯಾನನ್ 90ಡಿ ಆದರೆ ಸೆಕೆಂಡಿಗೆ 10. ವ್ಯತ್ಯಾಸ ಇದೆ, ಹಳೆಯ ಡಿ500 ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ನಾನೇ ಹೊಗಳುತ್ತೇನೆ. ಆದರೆ ಕ್ಯಾಮೆರಾ ಐದೇ ತೆಗೆಯುತ್ತದೆ ಅಂತ ಗೊತ್ತಿದ್ದರೆ ಬೆರಳು ಸರಿಯಾದ ಹೊತ್ತಿಗೆ ಒತ್ತಲು ಕಲಿಯುತ್ತದೆ. ನಿರಂತರ ಫೋಕಸ್ ಇಡಿ, ಒಂದೇ ಪಾಯಿಂಟನ್ನು ಹೆಲ್ಮೆಟ್ಟಿನ ಮೇಲೆ ಇಡಿ, ಮೂರು ನಾಲ್ಕು ಫೋಟೊಗಿಂತ ಉದ್ದಕ್ಕೆ ಒತ್ತಿ ಹಿಡಿಯಬೇಡಿ. ಬಫರ್ (ಫೋಟೊ ಕಾರ್ಡಿಗೆ ಹೋಗುವ ಮೊದಲು ಕೂಡಿಡುವ ಜಾಗ) ತುಂಬಿ ಕ್ಯಾಮೆರಾ ನಿಂತ ಕ್ಷಣದಲ್ಲೇ ಓವರ್‌ಟೇಕ್ ಆಗಿಹೋಗುತ್ತದೆ.

ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವ ಯೋಚನೆ ಇರುವವರಿಗೆ ಕ್ಯಾನನ್ ಆರ್7ನಂಥವುಗಳಲ್ಲಿ ಬೈಕನ್ನು ಗುರುತಿಸಿ ಹಿಂಬಾಲಿಸುವ ಫೋಕಸ್ ಇದೆ, ತುಂಬಾ ಸಹಾಯ ಆಗುತ್ತದೆ. ಆದರೆ ಇಂಥ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರನ್ನೇ ಬಳಸಿ. ಎಲೆಕ್ಟ್ರಾನಿಕ್‌ನಲ್ಲಿ ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತಾ ಹೋಗುತ್ತದೆ. ಅಷ್ಟರಲ್ಲಿ ಬೈಕು ಮುಂದೆ ಹೋಗಿರುತ್ತದೆ. ಚಕ್ರ ಮೊಟ್ಟೆಯಾಕಾರ ಆಗುತ್ತದೆ, ಪ್ಯಾನ್ ಮಾಡಿದರೆ ಹಿಂದಿನ ಕಂಬಗಳು ವಾಲುತ್ತವೆ.

ಒಂಟಿ ಕಾಲಿನ ಮೊನೊಪಾಡ್ 150-600ಕ್ಕೆ ಬೇಕು, ಉಳಿದವಕ್ಕೆ ಬೇಡ. ಟ್ರೈಪಾಡ್ ಯಾವುದಕ್ಕೂ ಬೇಡ.

ಪ್ರೇಕ್ಷಕರ ಜಾಗ, ಮೀಡಿಯಾ ಪಾಸ್, ಪ್ಯಾಡಾಕ್

ಮೀಡಿಯಾ ಪಾಸ್ ಸಿಕ್ಕಿದರೆ ಬೇಲಿಯ ಆಚೆ ಹೋಗಬಹುದು ಅನ್ನುವ ಆಸೆ ಎಲ್ಲರಿಗೂ. ಅದು ಹೊಸಬರಿಗೆ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಟ್ರ್ಯಾಕಿನ ಪಕ್ಕ ನಿಲ್ಲುವವರು ಒಂದು ಕಣ್ಣು ಕ್ಯಾಮೆರಾದಲ್ಲಿಟ್ಟು ಇನ್ನೊಂದು ಕಣ್ಣಿನಲ್ಲಿ ಜಾರಿ ಬರುವ ಬೈಕನ್ನು ನೋಡುತ್ತಿರಬೇಕು. ಟ್ರ್ಯಾಕ್ ಕಾಯುವ ಮಾರ್ಷಲ್ ಎಲ್ಲಿ ಬೇಡ ಅಂದರೋ ಅಲ್ಲಿ ನಿಲ್ಲಬಾರದು. ಬೆನ್ನು ತಿರುಗಿಸಿ ಫೋಟೊ ನೋಡಿಕೊಳ್ಳುತ್ತಾ ನಿಲ್ಲುವ ಹಾಗಿಲ್ಲ. ಒಂದೆರಡು ವರ್ಷ ಪ್ರೇಕ್ಷಕರ ಜಾಗದಲ್ಲೇ ನಿಂತು ರೇಸ್ ಓದಲು ಕಲಿಯಿರಿ. ಯಾವ ತಿರುವಿನಲ್ಲಿ ಬ್ರೇಕ್ ಹಿಡಿಯುತ್ತಾರೆ, ಯಾರು ಯಾವ ಕಡೆಯಿಂದ ನುಗ್ಗುತ್ತಾರೆ ಅನ್ನೋದು ಕಣ್ಣಿಗೆ ಹತ್ತಬೇಕು. ದೊಡ್ಡ ಅಂತಾರಾಷ್ಟ್ರೀಯ ರೇಸ್‌ಗಳಿಗೆ ಹೋಗುವವರು ದೊಡ್ಡ ಲೆನ್ಸ್, ಮೊನೊಪಾಡ್ ಒಳಗೆ ಬಿಡುತ್ತಾರಾ ಅಂತ ಟಿಕೆಟ್ಟಿನ ನಿಯಮ ಓದಿಕೊಂಡು ಹೋಗಿ.

ಬೀಳುವುದನ್ನು ತೆಗೆಯಬೇಕಾ ಬೇಡವಾ ಅಂತಲೂ ಹುಡುಗ ಕೇಳಿದ. 2023ರ ಆಗಸ್ಟಿನಲ್ಲಿ ಚೆನ್ನೈ ಟ್ರ್ಯಾಕಿನಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ರೇಸ್ ನಡೆಯುವಾಗಲೇ ಬಿದ್ದು ತೀರಿಕೊಂಡ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಬೈಕು ಜಾರಿದ ಕ್ಷಣ ಬೆರಳು ತಾನಾಗಿ ಒತ್ತಿರುತ್ತದೆ, ಅದು ಬೇರೆ. ಆದರೆ ಸವಾರ ಎದ್ದು ನಡೆಯುವುದನ್ನು ಕಣ್ಣಾರೆ ನೋಡುವವರೆಗೆ ನಾನು ಮತ್ತೆ ಕ್ಯಾಮೆರಾ ಎತ್ತುವುದಿಲ್ಲ. ಎದ್ದಿದ್ದಾನೆ ಅಂತ ಖಚಿತವಾಗದ ಫೋಟೊವನ್ನು ಯಾರಿಗೂ ಕಳಿಸುವುದಿಲ್ಲ. ಸ್ಟ್ಯಾಂಡಿನಲ್ಲಿ ಅವರ ಅಪ್ಪ ಅಮ್ಮ ಕೂತಿರುತ್ತಾರೆ.

ಕೊನೆಗೆ ಪ್ಯಾಡಾಕ್, ಅಂದರೆ ತಂಡಗಳು ಬೈಕು ಇಟ್ಟು ಸಿದ್ಧಮಾಡಿಕೊಳ್ಳುವ ಅಂಗಳ. ರಾಷ್ಟ್ರೀಯ ರೇಸ್‌ಗಳಲ್ಲಿ ಒಳಗೆ ಬಿಡುತ್ತಾರಾ ಅಂತ ಗೇಟಿನಲ್ಲೇ ಕೇಳಿ. ಬಿಟ್ಟರೆ ದೊಡ್ಡ ಲೆನ್ಸ್ ಚೀಲಕ್ಕೆ ಹಾಕಿ. ಹುಡುಗ ಬೇಡ ಅಂದುಕೊಂಡಿದ್ದ ಆ 18-55 ಇದೆಯಲ್ಲ, ಅದನ್ನು ಹಾಕಿಕೊಳ್ಳಿ. ಮೆಕ್ಯಾನಿಕ್ ಮಂಡಿಯೂರಿ ಚೈನ್ ಬಿಗಿಮಾಡುತ್ತಿರುತ್ತಾನೆ. ಹದಿನೈದರ ಹುಡುಗಿಯೊಬ್ಬಳು ಲೆದರ್ ಸೂಟಿನ ಜಿಪ್ ಅರ್ಧಕ್ಕೆ ಇಳಿಸಿ, ಕಣ್ಣು ಮುಚ್ಚಿ, ಗಾಳಿಯಲ್ಲೇ ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ ಟ್ರ್ಯಾಕಿನ ತಿರುವುಗಳನ್ನು ಮನಸ್ಸಿನಲ್ಲೇ ಸುತ್ತುತ್ತಿರುತ್ತಾಳೆ. ಅವಳನ್ನು ಕರೆಯಬೇಡಿ. ಆ ಸುತ್ತು ಮುಗಿಸಿ ಕಣ್ಣು ಬಿಟ್ಟ ಮೇಲೆ ಹತ್ತಿರ ಹೋಗಿ, ಫೋಟೊ ತೆಗೆಯಲಾ ಅಂತ ಅವಳನ್ನೂ ಅವಳ ಜೊತೆ ಬಂದವರನ್ನೂ ಕೇಳಿ.